ತಾಮ್ರದ ಚೊಂಬಿಂದ ಆಗಲ್ಲ, ಭತ್ತದ ಹೊಟ್ಟಿಂದ ಆಗ್ಬಹುದು

ನೀರು ಕುದಿಸಿ ಕುಡಿದ್ರೆ ಎಲ್ಲಾ ವಿಷ ಹೋಗುತ್ತೆ, ರಾತ್ರಿ ತಾಮ್ರದ ಚೊಂಬಲ್ಲಿಟ್ರೆ ಇನ್ನೂ ಒಳ್ಳೇದು ಅಂತ ಬೆಂಗಳೂರಲ್ಲಿ ಚೆನ್ನಾಗಿ ಓದಿರೋರೇ ಹೇಳ್ತಾರೆ, ಕೇಳಿದಾಗೆಲ್ಲಾ ಸಂಕಟ ಆಗುತ್ತೆ. ಕುದಿಸಿದ್ರೆ ಕ್ರಿಮಿ ಸಾಯ್ತವೆ, ತಾಮ್ರನೂ ಒಂದಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತೆ, ಸರಿ. ಆದ್ರೆ ಕಾರ್ಖಾನೆಗಳಿರೋ ಪೀಣ್ಯದ ಅಂತರ್ಜಲಕ್ಕೆ ಸೇರಿರೋ ಕ್ರೋಮಿಯಂ, ಕೋಲಾರದ ಬೋರ್‌ವೆಲ್‌ಗಳ ಫ್ಲೋರೈಡ್ ಇವೆಲ್ಲಾ ನೀರಲ್ಲಿ ಕರಗಿರೋವು. ಒಲೆ ಮೇಲಿಟ್ರೆ ನೀರು ಆವಿಯಾಗಿ ಹೋಗುತ್ತೆ, ಅವು ಪಾತ್ರೆಲೇ ಉಳ್ಕೊಂಡು ಇನ್ನಷ್ಟು ಗಟ್ಟಿಯಾಗ್ತವೆ.

ಹೀಗೆ ಕರಗಿರೋ ವಿಷಗಳಲ್ಲಿ ಕೆಲವನ್ನಾದ್ರೂ ಹಿಡಿಯೋ ಸಾಮಾನು ಮಂಡ್ಯ, ಗಂಗಾವತಿ ಕಡೆ ರೈಸ್ ಮಿಲ್ಲುಗಳ ಹಿಂದೆ ಗುಡ್ಡೆ ಬಿದ್ದಿರುತ್ತೆ. 100 ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು, ಅದನ್ನ ಸುಟ್ರೆ ಹತ್ರ ಹತ್ರ 4 ಕೆಜಿ ಬೂದಿ, ಆ ಬೂದಿಲಿ 85ರಿಂದ 95 ಪರ್ಸೆಂಟ್ ಸಿಲಿಕಾ, ಅಂದ್ರೆ ಮರಳಲ್ಲಿರೋ ವಸ್ತುನೇ! ಭತ್ತದ ಪೈರು ಮಣ್ಣಲ್ಲಿ ಕರಗಿರೋ ಸಿಲಿಕಾನ ಬೇರಿಂದ ಹೀರಿ, ಕಾಳು ಕಾಯೋಕೆ ಸಿಪ್ಪೇಲಿ ತುಂಬಿಟ್ಟಿರುತ್ತೆ. ಹಿಂದೆ ಹಲ್ಲುಜ್ತಿದ್ದ ಉಮಿಕರಿ (ಸುಟ್ಟ ಹೊಟ್ಟಿನ ಪುಡಿ) ತರಿತರಿ ಅನ್ನೋದು ಇದಕ್ಕೇನೇ.

ಇಲ್ಲಿ ಸುಡೋದ್ರಲ್ಲೇ ಇರೋದು ಎಲ್ಲಾ. ಮೊದ್ಲು ತೆಳು ಆಸಿಡ್‌ನಲ್ಲಿ ತೊಳೆದು ಪೊಟ್ಯಾಸಿಯಂ ತೆಗೀಬೇಕು, ಇಲ್ಲಾಂದ್ರೆ ಸಿಲಿಕಾ ಕರಗಿ ಇದ್ದಿಲನ್ನ ಒಳಗೇ ಮುಚ್ಕೊಂಡು ಬೂದಿ ಕಪ್ಪಾಗೇ ಉಳಿಯುತ್ತೆ. ಆಮೇಲೆ 600-700 ಡಿಗ್ರಿಲಿ ಸುಟ್ರೆ ಬಿಳೀ ಪುಡಿ. ಕಾವು ತುಂಬಾ ಏರಿದ್ರೆ ಸಿಲಿಕಾ ಹರಳುಗಟ್ಟುತ್ತೆ, ಆಗ ಮುಂದೆ ಕಾಸ್ಟಿಕ್ ಸೋಡಾದಲ್ಲಿ ಸುಲಭಕ್ಕೆ ಕರಗಲ್ಲ, ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಬಿಳೀ ಪುಡಿನ ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಕರಗಿಸಿ, ಮೇಲೆ ನಿಧಾನಕ್ಕೆ ಆಸಿಡ್ ಬಿಡ್ತಾ ಬಂದ್ರೆ ದ್ರಾವಣ ಗಂಜಿ ಥರ ಗಟ್ಟಿಯಾಗುತ್ತೆ, ತೊಳೆದು ಒಣಗಿಸಿದ್ರೆ ನ್ಯಾನೋ ಸಿಲಿಕಾ, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಸಿಲಿಕಾ.

ಅಷ್ಟು ಸಣ್ಣದು ಯಾಕೆ ಬೇಕು? ಒಂದು ಸೆಂಟಿಮೀಟರಿನ ಘನಕ್ಕೆ ಮೈ ಇರೋದು 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ತುಂಡು ಮಾಡಿದ್ರೆ ಒಟ್ಟು ಮೈ 600 ಚದರ ಮೀಟರ್, ಅಂದ್ರೆ ನಮ್ಮೂರಿನ 30x40 ಅಡಿ ಸೈಟು ಐದಕ್ಕಿಂತ ಜಾಸ್ತಿ. ಹಿಡಿಯೋ ಕೆಲ್ಸ ನಡೆಯೋದು ಈ ಮೈ ಮೇಲೇನೇ. ನೀರಲ್ಲಿ ಸಿಲಿಕಾ ಮೈ ಸಾಮಾನ್ಯವಾಗಿ ಋಣ ಚಾರ್ಜ್ ಆಗಿರುತ್ತೆ, ಹಾಗಾಗಿ ಧನ ಚಾರ್ಜಿನ ಸೀಸ, ಕ್ಯಾಡ್ಮಿಯಂ ಬಂದು ಅಂಟ್ಕೊತವೆ. ಆದ್ರೆ ಪೀಣ್ಯದ ಹೆಕ್ಸಾವೇಲೆಂಟ್ (ಆರನೇ ಸ್ಥಿತಿಯ) ಕ್ರೋಮಿಯಂ ನೀರಲ್ಲಿ ಕ್ರೋಮೇಟ್ ಆಗಿರುತ್ತೆ, ಅದೂ ಋಣವೇ, ಬರೀ ಸಿಲಿಕಾ ಅದನ್ನ ದೂರ ತಳ್ಳುತ್ತೆ! ಯಾವುದೋ ಒಂದು ಪುಡಿ ಹಾಕಿದ್ರೆ ಎಲ್ಲಾ ಕ್ಲೀನ್ ಅನ್ನೋರ ಮಾತು ನಂಬಬೇಡಿ ಅನ್ನೋದು ಇದಕ್ಕೆ.

ಕ್ರೋಮಿಯಂಗೆ ಕಬ್ಬಿಣ ಬೇಕು. ಚಹಾ ಎಲೆ, ದಾಳಿಂಬೆ ಸಿಪ್ಪೆ ಕುದಿಸಿದ ನೀರಿನ ಪಾಲಿಫಿನಾಲ್‌ಗಳನ್ನ (ಒಗರು ಕೊಡೋ ವಸ್ತುಗಳು) ಕಬ್ಬಿಣದ ಉಪ್ಪಿಗೆ ಸೇರಿಸಿದ್ರೆ ತಕ್ಷಣ ಕಪ್ಪಾಗಿ ಕಬ್ಬಿಣದ ನ್ಯಾನೋ ಕಣಗಳು ಹುಟ್ತವೆ. ಅವು ಕ್ರೋಮಿಯಂಗೆ ಎಲೆಕ್ಟ್ರಾನ್ ಕೊಟ್ಟು ಅದನ್ನ ಆರರಿಂದ ಮೂರನೇ ಸ್ಥಿತಿಗೆ ಇಳಿಸ್ತವೆ, ಆ ರೂಪ ಎಷ್ಟೋ ಕಮ್ಮಿ ವಿಷ, ತಳಕ್ಕೂ ಕೂರುತ್ತೆ.

ಇದು ಬರೀ ಲ್ಯಾಬಿನ ಕನಸಲ್ಲ. 2009ರಲ್ಲೇ ಟಾಟಾ ಸ್ವಚ್ಛ್ ಫಿಲ್ಟರ್ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಸೇರಿಸ್ಕೊಂಡು, ಕರೆಂಟ್ ಇಲ್ದೆ ಓಡೋ ಹಾಗೆ ಮಾರ್ಕೆಟ್ಟಿಗೆ ಬಂತು, ಅದರ ಗುರಿ ಮುಖ್ಯವಾಗಿ ಕ್ರಿಮಿಗಳು. ಕರಗಿದ ಲೋಹದ ವಿಷ್ಯ ಇನ್ನೂ ಕಷ್ಟ, ಯಾಕಂದ್ರೆ ಲ್ಯಾಬಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಲೋಹ ಹಾಕಿ ನೋಡಿದ್ರೆ ಚೆನ್ನಾಗೇ ಬರುತ್ತೆ, ನಮ್ಮ ಗಡಸು ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದ್ಲೇ ಬಂದು ಜಾಗ ಹಿಡೀತವೆ. ಇನ್ನು ವಿಷ ಹೀರಿದ ಪುಡಿನ ಏನ್ಮಾಡ್ತೀರಿ? ಸೀಸ ಹಿಡಿದ ಸಿಲಿಕಾನ ಆಸಿಡ್‌ನಲ್ಲಿ ತೊಳೆದು ಮತ್ತೆ ಬಳಸ್ಬಹುದು, ಆದ್ರೆ ಆ ತೊಳೆದ ನೀರಿನ ಸೀಸನ ಬೇರೆ ಮಾಡ್ಲೇಬೇಕು. ಪೀಣ್ಯದ ರಾಜಕಾಲುವೆಗೆ ಸುರಿದ್ರೆ ಅದು ವೃಷಭಾವತಿ ಸೇರಿ ಬೈರಮಂಗಲ ಕೆರೆಗೆ, ಅಲ್ಲಿಂದ ಗದ್ದೆಗೆ ಹೋಗುತ್ತೆ.