ಮೋಡ ಇದ್ರೆ ಫೋಟೋ ಬರಲ್ಲ ಅಂದೋರು ಯಾರು?

ಪ್ರಶ್ನೆ: "ಡಬ್ಲಿನ್‌ಗೆ ಬಂದು ಎಂಟು ತಿಂಗಳಾಯ್ತು ಸಾರ್. ಆಸೆಪಟ್ಟು ಕ್ಯಾಮೆರಾ ತಗೊಂಡೆ. ಶನಿವಾರ ವಿಕ್ಲೋ ಬೆಟ್ಟಗಳ ಕಡೆ ಹೋಗೋಣ ಅಂದ್ರೆ ಯಾವಾಗ್ಲೂ ಮೋಡ. ಬಿಸಿಲಿಲ್ಲದ ದಿನ ಲ್ಯಾಂಡ್‌ಸ್ಕೇಪ್ ತೆಗೆಯೋದು ವೇಸ್ಟ್ ಅಲ್ವಾ?"

ಅಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬರೀ 'ಅಲ್ಲ' ಅಂದರೆ ಕೇಳಿದವರು "ಹೌದಾ ಸಾರ್" ಅಂತ ತಲೆಯಾಡಿಸಿ, ಮುಂದಿನ ಶನಿವಾರವೂ ಕಿಟಕಿ ಪಕ್ಕ ಕೂತಿರುತ್ತಾರೆ. ತಿಂಗಳಿಗೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ, ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಉದ್ದಕ್ಕೇ ಹೇಳಿಬಿಡುತ್ತೇನೆ.

ಮೊದಲು ಊರಿನ ಲೆಕ್ಕ. ಐರ್ಲೆಂಡಿನ ಆಕಾಶ ಹೆಚ್ಚುಕಡಿಮೆ ಅರ್ಧ ಹೊತ್ತು ಪೂರ್ತಿ ಮೋಡ ಮುಚ್ಚಿಕೊಂಡೇ ಇರುತ್ತದೆ. ಡಿಸೆಂಬರ್‌ನಲ್ಲಿ ದಿನಕ್ಕೆ ಸರಾಸರಿ ಒಂದರಿಂದ ಎರಡು ಗಂಟೆ ಬಿಸಿಲು, ಅಷ್ಟೇ. ಬಿಸಿಲಿಗೆ ಕಾಯುತ್ತಾ ಕೂತರೆ ಕ್ಯಾಮೆರಾದ ವಾರಂಟಿ ಮುಗಿದುಹೋಗುತ್ತದೆ.

ಇನ್ನು ಆ ಹಠಮಾರಿ ನಂಬಿಕೆ: "ಮೋಡ ಇದ್ರೆ ಬೆಳಕಿರಲ್ಲ."

ಇದು ರೀಲು ಹಾಕುತ್ತಿದ್ದ ಕಾಲದಿಂದ ಬಂದ ಮಾತು. ಸೂರ್ಯ ಬೆನ್ನ ಹಿಂದೆ ಇರಬೇಕು, ಬಿಸಿಲು ಚೆನ್ನಾಗಿ ಬಿದ್ದಿರಬೇಕು ಅಂತ ನಮ್ಮೂರ ಸ್ಟುಡಿಯೋದವರು ಹೇಳಿಕೊಡುತ್ತಿದ್ದರು. ಸರಿ. ಆದರೆ ಅದೇ ರೀಲಿನ ಡಬ್ಬದಲ್ಲಿ ಒಂದು ಚೀಟಿ ಇರುತ್ತಿತ್ತು, ನೆನಪಿದೆಯಾ? ಅದರಲ್ಲಿ ಸೂರ್ಯನ ಚಿತ್ರ ಮಾತ್ರ ಅಲ್ಲ, ಮೋಡದ ಚಿತ್ರವೂ ಇರುತ್ತಿತ್ತು. ಒಳ್ಳೆ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್ 16 (ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು). ನೆರಳು ಬೀಳದಷ್ಟು ಮೋಡಕ್ಕೆ ಎಫ್ 8. ದಟ್ಟ ಮೋಡಕ್ಕೆ ಎಫ್ 5.6. ರೀಲು ಮಾರುವವರೇ ಮೋಡಕ್ಕೂ ಲೆಕ್ಕ ಬರೆದುಕೊಟ್ಟಿದ್ದರು. ಓದದೇ ಬಿಸಾಕಿದ್ದು ನಾವು.

ಆ ಲೆಕ್ಕದ ಅರ್ಥ ಇಷ್ಟು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು. 16ರಿಂದ 8ಕ್ಕೆ ಎರಡು ಸ್ಟಾಪ್, ಅಂದರೆ ಹೊರಗಿನ ಬೆಳಕು ಬಿಸಿಲಿನ ಕಾಲು ಭಾಗ. 5.6 ಅಂದರೆ ಮೂರು ಸ್ಟಾಪ್, ಎಂಟನೇ ಒಂದು ಭಾಗ. ಕೇಳಿದರೆ ಕಡಿಮೆ ಅನ್ನಿಸುತ್ತದೆ. ಆದರೆ ಬೆಟ್ಟ ಎಲ್ಲಿಗೂ ಓಡಿಹೋಗಲ್ಲ. ಟ್ರೈಪಾಡ್ ಮೇಲೆ ಇಟ್ಟು ಶಟರ್ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟರೆ ಮುಗೀತು. ಟ್ರೈಪಾಡ್ ಇಲ್ಲವಾ? ಕಲ್ಲಿನ ಗೋಡೆ ಇದೆ. ಈ ದೇಶದಲ್ಲಿ ಕಲ್ಲಿನ ಗೋಡೆಗೇನೂ ಬರ ಇಲ್ಲ.

"ಹಾಗಾದ್ರೆ ನನ್ನ ಫೋಟೋದಲ್ಲಿ ನೆಲ ಯಾಕೆ ಕಪ್ಪಗೆ ಬಂತು?" ಬರುತ್ತದೆ. ಅದಕ್ಕೆ ಮೋಡ ಕಾರಣ ಅಲ್ಲ, ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಕಾರಣ. ಪಾಪ, ಅದಕ್ಕೆ ಹುಲ್ಲು ಯಾವುದು, ಕುರಿ ಯಾವುದು, ಆಕಾಶ ಯಾವುದು ಒಂದೂ ಗೊತ್ತಿಲ್ಲ. ಎಲ್ಲವನ್ನೂ ಸರಾಸರಿ ಮಾಡಿ ಬೂದು ಬಣ್ಣಕ್ಕೆ ತರೋದು ಅದರ ಕೆಲಸ. ನೀವು ಚೌಕಟ್ಟಿನ ಅರ್ಧಕ್ಕೆ ಬೆಳ್ಳಗಿನ ಆಕಾಶ ತುಂಬಿಸುತ್ತೀರಿ. ಅದು "ಅಯ್ಯೋ, ಬೆಳಕು ಜಾಸ್ತಿಯಾಯ್ತು" ಅಂತ ಎಲ್ಲವನ್ನೂ ಕತ್ತಲು ಮಾಡುತ್ತದೆ. ನೆಲ ಮುಳುಗಿಹೋಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ ನೋಡಿ. ಫೋನಾದರೆ ಪರದೆಯಲ್ಲಿ ಹುಲ್ಲಿನ ಮೇಲೆ ಬೆರಳಿಡಿ. ನೆಲ ಎದ್ದು ಬರುತ್ತದೆ. ಮೀಟರ್ ಮಾಡಿದ ತಪ್ಪಿಗೆ ಮೋಡವನ್ನು ಬೈದುಕೊಂಡು ಎಷ್ಟು ಜನ ಕ್ಯಾಮೆರಾ ಮಾರಿದ್ದಾರೋ!

ಬಿಸಿಲೇ ಬೇಕು ಅನ್ನುವವರಿಗೆ ನನ್ನದೇ ಕಥೆ ಹೇಳುತ್ತೇನೆ. ವಿಕ್ಲೋ ಬೆಟ್ಟಗಳ ಸ್ಯಾಲಿ ಗ್ಯಾಪ್ ಹತ್ತಿರ ಲಾಕ್ ಟೇ ಅಂತ ಒಂದು ಸರೋವರ ಇದೆ, ನೋಡಿರುತ್ತೀರಿ. ಪೀಟ್ (ಕೊಳೆತ ಗಿಡಗಳಿಂದಾದ, ಒಣಗಿಸಿ ಉರಿಸುವ ಕಪ್ಪು ಮಣ್ಣು) ನೆಲದಿಂದ ಇಳಿದು ಬರುವ ನೀರು, ಡಿಕಾಕ್ಷನ್ ಥರ ಕಪ್ಪು. ಒಂದು ತುದಿಯಲ್ಲಿ ಬಿಳಿ ಮರಳು. ಮೇಲಿನ ರಸ್ತೆಯಿಂದ ನೋಡಿದರೆ ನೊರೆ ಕಟ್ಟಿದ ಗಿನ್ನೆಸ್ ಎಂಬ ಕಪ್ಪು ಬಿಯರಿನ ಗ್ಲಾಸು, ಅದಕ್ಕೇ ಅದನ್ನು ಗಿನ್ನೆಸ್ ಲೇಕ್ ಅನ್ನೋದು. ನನಗೆ ಮಾತ್ರ ಅಲ್ಲಿ ಯಾವಾಗಲೂ ಫಿಲ್ಟರ್ ಕಾಫಿ ನೆನಪಾಗುತ್ತದೆ. ಮೊದಲ ಸಲ ಹೋಗಿದ್ದು ಜೂನ್ ತಿಂಗಳ ಮಟಮಟ ಮಧ್ಯಾಹ್ನ, ಸುಡು ಬಿಸಿಲು. ಖುಷಿಯೋ ಖುಷಿ. ಮನೆಗೆ ಬಂದು ನೋಡಿದರೆ ಮರಳು ಸುಣ್ಣ ಬಳಿದ ಹಾಗೆ ಬೆಳ್ಳಗೆ, ಒಂದು ಗೆರೆಯೂ ಇಲ್ಲ. ಎದುರಿನ ಬಂಡೆ ಅರ್ಧ ಕಪ್ಪು. ನಡುವಿನದ್ದೆಲ್ಲ ಮಾಯ. ಎರಡನೇ ಸಲ ಹೋಗಿದ್ದು ಅಕ್ಟೋಬರ್, ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅದೇ ಜಾಗ, ಅದೇ ಲೆನ್ಸು. ಮರಳಿನಲ್ಲಿ ನೀರು ಬಂದು ಹೋದ ಗೆರೆಗಳು ಕಂಡವು. ಬಂಡೆಯ ಬಿರುಕುಗಳು ಕಂಡವು. ಇಳಿಜಾರಿನ ಜರೀಗಿಡಗಳು ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು, ನೆನೆದಿದ್ದಕ್ಕೆ ಇನ್ನೂ ಗಾಢವಾಗಿದ್ದವು. ಪಕ್ಕದ ಗೋಡೆಯ ಕಲ್ಲುಹೂವು ಒಂದೊಂದೂ ಬೇರೆ ಬೇರೆ ಬೂದು.

ಯಾಕೆ ಹೀಗೆ? ಮದುವೆ ಮನೆಯ ಫೋಟೋಗ್ರಾಫರ್ ಲೈಟಿನ ಮುಂದೆ ಬಿಳಿ ಕೊಡೆ ಕಟ್ಟುತ್ತಾನಲ್ಲ, ಅದು ಯಾಕೆ ಅಂತ ಯಾರಾದರೂ ಕೇಳಿದ್ದೀರಾ? ಮುಖದ ಮೇಲೆ ಗಡುಸಾದ ನೆರಳು ಬೀಳದಿರಲಿ ಅಂತ. ಅಲ್ಲಿ ಕೊಡೆಗೆ ಬಾಡಿಗೆ ಕೊಡುತ್ತೀರಿ. ಇಲ್ಲಿ ದಿಗಂತದಿಂದ ದಿಗಂತಕ್ಕೆ ಪುಕ್ಕಟೆ ಕೊಡೆ ಹಿಡಿದಿದ್ದರೆ ಬೈಯುತ್ತೀರಿ.

ಬಣ್ಣ ಬರಲ್ಲ ಅನ್ನೋದು ಇದೇ ನಂಬಿಕೆಯ ಇನ್ನೊಂದು ಬಾಲ. ಮಳೆ ನಿಂತ ಮೇಲೆ ಒಂದು ಎಲೆಯನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಬೆಳ್ಳಗೆ ಹೊಳೆಯೋದು ಎಲೆಯ ಬಣ್ಣ ಅಲ್ಲ, ಆಕಾಶದ ಬಿಂಬ. ಅದನ್ನು ತೆಗೆದರೆ ಕೆಳಗಿನ ಹಸಿರು ಸಿಗುತ್ತದೆ. ತೆಗೆಯೋದಕ್ಕೆ ಪೋಲರೈಸರ್ ಫಿಲ್ಟರ್ ಇದೆ. "ಅದು ನೀಲಿ ಆಕಾಶಕ್ಕೆ ಮಾತ್ರ ಸಾರ್" ಅಂತ ಈಗ ಒಬ್ಬರು ಕೈ ಎತ್ತುತ್ತಾರೆ. ಇಳಿಸಿ. ಮೋಡದ ಆಕಾಶದ ಮೇಲೆ ಅದರ ಆಟ ನಡೆಯಲ್ಲ, ನಿಜ. ಆದರೆ ಒದ್ದೆ ಎಲೆ, ಒದ್ದೆ ಕಲ್ಲು, ನೀರಿನ ಮೇಲೆ ಚೆನ್ನಾಗಿ ನಡೆಯುತ್ತದೆ. ನಂಬಿಕೆ ಬರದಿದ್ದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಒಂದನ್ನು ಫೋನಿನ ಲೆನ್ಸ್ ಮುಂದೆ ಹಿಡಿದು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ಆರಿ, ಹಸಿರು ಕಣ್ಣಿಗೆ ಹೊಡೆಯುತ್ತದೆ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಮೋಡದ ಗುರುತಿಗೆ ಇಡಿ, ನೀಲಿ ಛಾಯೆ ಹೋಗುತ್ತದೆ. ಇಷ್ಟು ಸಾಕು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹೊದಿಕೆ ಹೊದ್ದ ಹಾಗೆ ಒಂದೇ ಸಮ ಬಿಳಿ ಇರುವ ಆಕಾಶದಲ್ಲಿ ನೋಡುವಂಥದ್ದೇನೂ ಇಲ್ಲ. ಹಾಗಾದರೆ ಅದನ್ನು ಚೌಕಟ್ಟಿಗೆ ಯಾಕೆ ಸೇರಿಸಿಕೊಳ್ಳುತ್ತೀರಿ? ಕೆಳಗೆ ನೋಡಿ. ತೊರೆ, ಗೋಡೆ, ಹಳದಿ ಗೋರ್ಸ್ ಪೊದೆ. ಮೋಡ ಒಡೆದು ಓಡುತ್ತಿದ್ದರೆ ಮಾತ್ರ ಆಕಾಶಕ್ಕೆ ಜಾಗ ಕೊಡಿ, ಫ್ಲಾಸ್ಕಿನ ಟೀ ಕುಡಿಯುತ್ತಾ ಕಾಯಿರಿ. ಅಟ್ಲಾಂಟಿಕ್ ಗಾಳಿಗೆ ತಾಳ್ಮೆ ಇಲ್ಲ. ಒಂದು ತುಂಡು ಬಿಸಿಲು ಬೆಟ್ಟದ ಮೇಲೆ ನಾಯಿಮರಿ ಥರ ಓಡಿಹೋಗುತ್ತದೆ, ಹಿಡಿಯಬೇಕು.

ಐರ್ಲೆಂಡ್ ಅಂದರೆ ನೀಲಿ ಆಕಾಶ ಅನ್ನೋದನ್ನು ನಮ್ಮ ತಲೆಗೆ ತುಂಬಿದ್ದರಲ್ಲಿ ಪೋಸ್ಟ್‌ಕಾರ್ಡುಗಳ ಪಾಲೂ ಇದೆ. 1950–60ರ ದಶಕಗಳಲ್ಲಿ ಜಾನ್ ಹೈಂಡ್ ಎಂಬವರ ಕಂಪನಿ ಇಲ್ಲಿನ ಬಣ್ಣದ ಪೋಸ್ಟ್‌ಕಾರ್ಡುಗಳನ್ನು ಮನೆಮಾತು ಮಾಡಿತು. ಕೆಂಪು ಕೂದಲ ಮಕ್ಕಳು, ಪೀಟ್ ಹೊತ್ತ ಕತ್ತೆ, ಮೇಲೆ ಕಡುನೀಲಿ. ಆ ಬಣ್ಣಗಳನ್ನು ಅಚ್ಚಿಗೆ ಮುಂಚೆ ಗಾಢ ಮಾಡಿಸುತ್ತಿದ್ದರು. ಮುಂಭಾಗ ಬೋಳು ಅನ್ನಿಸಿದರೆ ರೋಡೋಡೆಂಡ್ರಾನ್ ಕೊಂಬೆ ಕತ್ತರಿಸಿ ತಂದು ನಿಲ್ಲಿಸುತ್ತಿದ್ದರು. ಕೆಲಸಗಾರಿಕೆಗೆ ನಾನು ತಲೆಬಾಗುತ್ತೇನೆ. ಆದರೆ ಆ ಕಾರ್ಡು ಹಿಡಿದುಕೊಂಡು ಬಂದು, "ಇಲ್ಲಿ ಹಾಗಿಲ್ಲವಲ್ಲ" ಅಂತ ನನ್ನನ್ನು ಕೇಳಬೇಡಿ.

ಅಂದ ಹಾಗೆ, ಯಾರೂ ಕೇಳದ ಒಂದು ವಿಷಯ. ಮಂಕು ದಿನದಲ್ಲಿ ಬೆಟ್ಟದ ಫೋಟೋ ತೆಗೆದರೆ ಎಲ್ಲಕ್ಕಿಂತ ಬೆಳ್ಳಗೆ ಕಾಣೋದು ಕುರಿ. ದೊಡ್ಡದು ಮಾಡಿ ನೋಡಿ, ಓಕುಳಿ ಆಡಿ ಬಂದ ಹಾಗೆ ಮೈಮೇಲೆ ಬಣ್ಣ. ಭುಜದ ಮೇಲೋ ಬೆನ್ನ ಮೇಲೋ ಇರುವ ಪಟ್ಟೆ ಯಜಮಾನನ ಗುರುತು. ಹಲವು ರೈತರ ಕುರಿಗಳು ಒಂದೇ ಬೆಟ್ಟದಲ್ಲಿ ಮೇಯುತ್ತವೆ, ಗುರುತು ಬೇಕಲ್ಲ. ಹಿಂಭಾಗದ ಬಣ್ಣದ್ದು ಬೇರೆ ಕಥೆ. ಶರತ್ಕಾಲದಲ್ಲಿ ಟಗರಿನ ಎದೆಗೆ ಬಣ್ಣದ ಗಟ್ಟಿ ಕಟ್ಟಿ ಬಿಡುತ್ತಾರೆ. ಅದು ಯಾವ ಕುರಿಯ ಮೇಲೆ ಏರಿತೋ ಆ ಕುರಿಯ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ. ಕುರಿಗೆ ಬೆದೆ ಬರೋದು ಸುಮಾರು 17 ದಿನಕ್ಕೊಮ್ಮೆ. ಅಷ್ಟು ದಿನ ಕಳೆದ ಮೇಲೆ ಗಟ್ಟಿಯ ಬಣ್ಣ ಬದಲಾಯಿಸುತ್ತಾರೆ. ಮೊದಲು ಹಳದಿಯಂಥ ತಿಳಿ ಬಣ್ಣ, ಆಮೇಲೆ ಕೆಂಪು, ನೀಲಿ. ತಿಳಿಯ ಮೇಲೆ ಗಾಢ ಬಿದ್ದರೆ ಕಾಣುತ್ತದಲ್ಲ, ಅದಕ್ಕೆ. ಯಾವ ಕುರಿ ಯಾವಾಗ ಮರಿ ಹಾಕುತ್ತದೆ ಅಂತ ರೈತ ಬೇಲಿಯಾಚೆ ನಿಂತೇ ಓದಿಕೊಳ್ಳುತ್ತಾನೆ.

ನನ್ನ ಹತ್ತಿರ ಸ್ಯಾಲಿ ಗ್ಯಾಪ್‌ನ ಒಂದು ನವೆಂಬರ್ ಫೋಟೋ ಇದೆ. ಪೂರ್ತಿ ಬೂದು ದಿನ, ಏಳು ಕುರಿ. ಐದಕ್ಕೆ ಹಳದಿ, ಒಂದಕ್ಕೆ ಕೆಂಪು. ಏಳನೆಯದಕ್ಕೆ ಹಳದಿಯ ಮೇಲೆ ಕೆಂಪು, ಅಂದರೆ ಮೊದಲ ಸಲ ಗರ್ಭ ನಿಂತಿಲ್ಲ. ಗರ್ಭ ಐದು ತಿಂಗಳ ಲೆಕ್ಕ, ಮರಿ ಏಪ್ರಿಲ್‌ಗೆ. ಬಿಸಿಲಿನಲ್ಲಿ ತೆಗೆದಿದ್ದರೆ ಆ ಏಳೂ ಬರೀ ಬಿಳಿ ಚುಕ್ಕೆಗಳಾಗಿರುತ್ತಿದ್ದವು.