ಪದದ ಅರ್ಥವೂ ಮಿದುಳಿನ ಎರಡು ಬದಿಗಳೂ: ನನ್ನನ್ನು ತಡೆದ ಒಂದು ಹೆಜ್ಜೆ

ಮನಶ್ಶಾಸ್ತ್ರದ ಪರೀಕ್ಷೆಗೆಂದು ಚಿತ್ರದುರ್ಗದ ನಮ್ಮ ಮನೆಯಲ್ಲಿ ಓದುತ್ತಿದ್ದ ನನ್ನನ್ನು ಮೂರು ದಿನ ತಡೆದು ನಿಲ್ಲಿಸಿದ್ದು ಒಂದೇ ವಾಕ್ಯ: ‘ಎಡ ದೃಷ್ಟಿಕ್ಷೇತ್ರದಲ್ಲಿ ತೋರಿಸಿದ ಪದವು ಮೊದಲು ಬಲ ಗೋಳಾರ್ಧವನ್ನು ತಲುಪುತ್ತದೆ.’ ಗೋಳಾರ್ಧವೆಂದರೆ ಮಿದುಳಿನ ಒಂದು ಅರ್ಧ. ನಿನ್ನೆ ಸಂಜೆ ಆ ವಾಕ್ಯ ಬಿಡಿಸಿಕೊಂಡಿತು. ಇದೇ ಪಾಠ ಓದುತ್ತಿರುವವರಿಗೆ ನೆರವಾಗಲೆಂದು, ನನಗೂ ಗಟ್ಟಿಯಾಗಲೆಂದು ಬರೆದಿಡುತ್ತಿದ್ದೇನೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ವೈದ್ಯರಾದ ಪಾಲ್ ಬ್ರೋಕಾ 1861ರಲ್ಲಿ, ಕಾರ್ಲ್ ವರ್ನಿಕೆ 1874ರಲ್ಲಿ ವಿವರಿಸಿದ, ಮಿದುಳಿನ ಎಡಬದಿ ಹಾಳಾಗಿ ಭಾಷೆ ಕೆಟ್ಟ ರೋಗಿಗಳಿಂದಾಗಿ ಭಾಷೆಯೆಂದರೆ ಎಡ ಗೋಳಾರ್ಧ ಎಂಬ ತಿಳಿವಳಿಕೆ ನೆಲೆಯೂರಿತು. ಮಾತನಾಡುವುದರ ಮಟ್ಟಿಗೆ ಅದು ಬಹುಪಾಲು ಜನರಲ್ಲಿ ನಿಜ. ಆದರೆ ಪದದ ಅರ್ಥವನ್ನು ತಿಳಿದಿರುವುದು ಬೇರೆ, ಆ ಪದವನ್ನು ಬಾಯಿಂದ ಆಡುವುದು ಬೇರೆ. ಈ ಎರಡನ್ನೂ ಬೇರ್ಪಡಿಸಿ ನೋಡಿದ ಪ್ರಯೋಗಗಳೆಲ್ಲ ಮೇಲಿನ ವಾಕ್ಯದ ಮೇಲೆಯೇ ನಿಂತಿವೆ.

ನಾನು ಎಡವಿದ್ದು ಇಲ್ಲಿ. ಎಡಗಣ್ಣು ಕಂಡದ್ದೆಲ್ಲ ಬಲ ಮಿದುಳಿಗೆ ಹೋಗುತ್ತದೆ ಎಂದು ತಿಳಿದಿದ್ದೆ, ಅದು ತಪ್ಪು. ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಅದರ ಎಡಕ್ಕೊಂದು ಬಲಕ್ಕೊಂದು ಗೇಣು ದೂರದಲ್ಲಿ ಕಾಗದದ ಚೀಟಿ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ಚುಕ್ಕೆಯನ್ನೇ ದಿಟ್ಟಿಸಿ ಎಡಗಣ್ಣು ಮುಚ್ಚಿದೆ. ಎಡಗಡೆಯ ಚೀಟಿ ಮಾಯವಾಗಲಿಲ್ಲ, ಬಲಗಣ್ಣಿಗೂ ಅದು ಕಾಣುತ್ತಿತ್ತು. ಅಂದರೆ ‘ಎಡ ದೃಷ್ಟಿಕ್ಷೇತ್ರ’ ಎನ್ನುವುದು ಕಣ್ಣಿನ ಹೆಸರಲ್ಲ, ನಾವು ದಿಟ್ಟಿಸುತ್ತಿರುವ ಚುಕ್ಕೆಯ ಎಡಕ್ಕಿರುವ ಜಗತ್ತಿನ ಹೆಸರು. ಕಣ್ಣಿನ ಮಸೂರವು ಬಿಂಬವನ್ನು ತಿರುವುಮುರುವು ಮಾಡುವುದರಿಂದ ಎಡಗಡೆಯ ಚೀಟಿ ಎರಡೂ ಕಣ್ಣುಗಳ ರೆಟಿನಾದ (ಕಣ್ಣಿನ ಹಿಂಬದಿಯ, ಬಿಂಬ ಮೂಡುವ ಪರದೆಯ) ಬಲ ಅರ್ಧದ ಮೇಲೆ ಬೀಳುತ್ತದೆ. ಬಲಗಣ್ಣಿನಲ್ಲಿ ಆ ಬಲ ಅರ್ಧವು ಕಿವಿಯ ಕಡೆಗಿದೆ, ಅಲ್ಲಿಂದ ಹೊರಟ ನರತಂತುಗಳು ದಾಟದೆ ಬಲಕ್ಕೇ ಹೋಗುತ್ತವೆ. ಎಡಗಣ್ಣಿನಲ್ಲಿ ಅದೇ ಬಲ ಅರ್ಧವು ಮೂಗಿನ ಕಡೆಗಿದೆ, ಅಲ್ಲಿನ ತಂತುಗಳು ಆಪ್ಟಿಕ್ ಕಯಾಸ್ಮದಲ್ಲಿ (ಎರಡು ಕಣ್ಣುಗಳ ನರಗಳು ಕೂಡುವ ಜಾಗದಲ್ಲಿ) ಅಡ್ಡ ದಾಟಿ ಬಲಕ್ಕೆ ಸೇರುತ್ತವೆ. ಹೀಗೆ ಎರಡು ಕಣ್ಣುಗಳಿಂದಲೂ ಎಡಗಡೆಯ ಸುದ್ದಿ ಬಲ ಗೋಳಾರ್ಧಕ್ಕೇ ಬರುತ್ತದೆ. ನನ್ನ ನೆನಪಿನ ಸೂತ್ರ: ಕಣ್ಣನ್ನು ಬಿಡು, ಚುಕ್ಕೆಯನ್ನು ಹಿಡಿ. ದಾಟುವುದು ಯಾವ ಕಣ್ಣಿನದು ಎಂದು ಗೊಂದಲವಾದಾಗ ‘ಮೂಗಿನ ಕಡೆಯದು ಮಾತ್ರ ದಾಟುತ್ತದೆ’ ಎಂದುಕೊಂಡರೆ ಚಿತ್ರ ತಾನಾಗಿ ಸರಿಹೋಗುತ್ತದೆ.

ಈ ಪ್ರಯೋಗಗಳಲ್ಲಿ ಪದವನ್ನು ಸುಮಾರು 200 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಏಕೆ ತೋರಿಸುತ್ತಾರೆ ಎಂಬುದೂ ಇದರಿಂದಲೇ ತಿಳಿಯುತ್ತದೆ: ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಕಣ್ಣು ಪದದ ಕಡೆಗೆ ಹೊರಳಿ, ಎಡಬಲವೆಂಬ ಭೇದವೇ ಉಳಿಯುವುದಿಲ್ಲ.

ಅಪಸ್ಮಾರದ ಚಿಕಿತ್ಸೆಗಾಗಿ ಎರಡು ಗೋಳಾರ್ಧಗಳ ನಡುವಿನ ನರತಂತುಗಳ ಸೇತುವೆಯಾದ ಕಾರ್ಪಸ್ ಕೆಲೋಸಮ್ ಕತ್ತರಿಸಲ್ಪಟ್ಟವರನ್ನು ವಿಜ್ಞಾನಿಗಳಾದ ರೋಜರ್ ಸ್ಪೆರಿ, ಮೈಕೆಲ್ ಗಜಾನಿಗ ಮೊದಲಾದವರು ಪರೀಕ್ಷಿಸಿದ್ದು ಹೀಗೆಯೇ. (ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಪಾಲು ದೊರೆಯಿತು.) ಎಡ ಕ್ಷೇತ್ರದಲ್ಲಿ ಒಂದು ವಸ್ತುವಿನ ಹೆಸರು ಮಿಂಚಿದರೆ ಅವರು ‘ಏನೂ ಕಾಣಲಿಲ್ಲ’ ಎನ್ನುತ್ತಿದ್ದರು, ಆದರೆ ಅವರಲ್ಲಿ ಕೆಲವರ ಎಡಗೈ, ಮರೆಯಲ್ಲಿಟ್ಟ ವಸ್ತುಗಳನ್ನು ತಡಕಿ ಸರಿಯಾದದ್ದನ್ನೇ ಎತ್ತುತ್ತಿತ್ತು. ಎಡಗೈಯನ್ನು ಮುಖ್ಯವಾಗಿ ನಡೆಸುವುದು ಬಲ ಗೋಳಾರ್ಧ, ಮಾತಾಡಿಸುವುದು ಎಡ; ಸೇತುವೆ ಕಡಿದದ್ದರಿಂದ ಪದದ ಸುದ್ದಿ ಎಡಕ್ಕೆ ದಾಟಲಿಲ್ಲ. ಬಾಯಿ ಆಡದ ಪದದ ಅರ್ಥ ಕೈಗೆ ಗೊತ್ತಿತ್ತು. ಈ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಎರಡೂ ಬದಿಗಳಲ್ಲಿ ಅರ್ಥವಿದ್ದರೂ ನಿರ್ವಹಣೆ ಒಂದೇ ಬಗೆಯದಲ್ಲ. ‘ಕಾಲು’ ಎಂಬ ಪದವನ್ನೇ ನೋಡಿ: ಮೊದಲು ಹೊಳೆಯುವುದು ನಡೆಯುವ ಕಾಲು, ಅನಂತರ ಕಾಲು ಕೆ.ಜಿ.ಯ ಕಾಲು. ಇಂಥ ಎರಡರ್ಥದ ಇಂಗ್ಲಿಷ್ ಪದಗಳ ಮೇಲೆ ಬರ್ಗೆಸ್ ಮತ್ತು ಸಿಂಪ್ಸನ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪದ ತೋರಿಸಲಾರಂಭಿಸಿ 750 ಮಿಲಿಸೆಕೆಂಡು ಕಳೆಯುವ ಹೊತ್ತಿಗೆ ಎಡ ಗೋಳಾರ್ಧದಲ್ಲಿ ಬಳಕೆಯ ಅರ್ಥವೊಂದೇ ಉಳಿದಿತ್ತು, ಬಲದಲ್ಲಿ ವಿರಳ ಅರ್ಥವೂ ಎಚ್ಚರವಾಗಿತ್ತು. ಮಾರ್ಕ್ ಬೀಮನ್ ಅವರ ವಿವರಣೆಯಂತೆ ಎಡಬದಿಯು ಹತ್ತಿರದ ಕೆಲವೇ ಅರ್ಥಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬಲಬದಿಯು ದೂರದ ಹಲವು ಅರ್ಥಗಳನ್ನು ಸಡಿಲವಾಗಿ ಹರಡಿಕೊಳ್ಳುತ್ತದೆ. ‘ಭತ್ತ’, ‘ಕೋಟೆ’, ‘ಕಿಂಡಿ’ ಇವುಗಳಲ್ಲಿ ಯಾವುದೊಂದನ್ನು ಕೇಳಿದರೂ ‘ಒನಕೆ’ ಎಂದು ಥಟ್ಟನೆ ಹೊಳೆಯಬೇಕೆಂದಿಲ್ಲ. ಮೂರನ್ನೂ ಒಟ್ಟಿಗೆ ಹೇಳಿದರೆ ದುರ್ಗದ ಮಗುವೂ ಒನಕೆ ಎನ್ನುತ್ತದೆ. ದುರ್ಬಲವಾದ ಮೂರು ನಂಟುಗಳು ಒಂದೆಡೆ ಕೂಡುವ ಇಂಥ ಕೆಲಸದಲ್ಲಿ ಬಲಬದಿಗೆ ಅನುಕೂಲವಿದೆ. ಬಲ ಗೋಳಾರ್ಧಕ್ಕೆ ಪೆಟ್ಟಾದ ಕೆಲವರಿಗೆ ಮಾತು ಸರಾಗವಾಗಿದ್ದರೂ ನಗೆಹನಿಯ ತಿರುವು, ಮಾತಿನ ಧ್ವನ್ಯರ್ಥ ಹಿಡಿಯಲು ಕಷ್ಟವಾಗುವುದನ್ನು ಇದರೊಂದಿಗೆ ಇಟ್ಟು ಓದಬೇಕು.

ಉಳಿದದ್ದು ಟೆಂಪೊರಲ್ ಹಾಲೆಯ (ಕಿವಿಯ ಬದಿಗಿರುವ ಮಿದುಳಿನ ಭಾಗದ) ಮುಂಭಾಗ. ಒನಕೆಯ ಆಕಾರ, ತೂಕ, ಕುಟ್ಟುವ ಸದ್ದು ಮಿದುಳಿನ ಬೇರೆಬೇರೆ ಕಡೆ ಇದ್ದು, ಅವೆಲ್ಲವನ್ನೂ ಒಂದು ಅರ್ಥವಾಗಿ ಕಟ್ಟುವ ನಡುಗಂಬ ಇದೆಂದು ಪ್ಯಾಟರ್ಸನ್, ನೆಸ್ಟರ್, ರಾಜರ್ಸ್ 2007ರಲ್ಲಿ ವಾದಿಸಿದರು. ಈ ನಡುಗಂಬ ಎರಡೂ ಬದಿಗಳಲ್ಲಿದೆ. ಒಂದೇ ಬದಿ ಹಾಳಾದರೆ ಅರ್ಥಜ್ಞಾನಕ್ಕೆ ಆಗುವ ನಷ್ಟ ಸಾಮಾನ್ಯವಾಗಿ ಸೌಮ್ಯ. ಸೆಮ್ಯಾಂಟಿಕ್ ಡಿಮೆನ್ಶಿಯ ಎಂಬ ಅರ್ಥಜ್ಞಾನ ಅಳಿಯುವ ರೋಗದಲ್ಲಿ ಎರಡೂ ಸವೆಯುವುದರಿಂದ ಅರ್ಥವೇ ಕರಗುತ್ತ ಹೋಗುತ್ತದೆ. ಎಡಬದಿ ಹೆಚ್ಚು ಸವೆದಿದ್ದರೆ ಹೆಸರುಗಳು ಮೊದಲು ಹೋಗುತ್ತವೆ, ಬಲಬದಿ ಹೆಚ್ಚು ಸವೆದಿದ್ದರೆ ಪರಿಚಿತ ಮುಖಗಳ ಗುರುತು. ವಿಶೇಷವಾದದ್ದು ಮೊದಲು ಅಳಿದು ಸಾಮಾನ್ಯವಾದದ್ದು ಕೊನೆಯವರೆಗೆ ಉಳಿಯುವುದರಿಂದ, ಇಂಥ ರೋಗಿಯೊಬ್ಬರಿಗೆ ಬಾತುಕೋಳಿಯ ಚಿತ್ರ ತೋರಿಸಿ, ತೆಗೆದು, ಸ್ವಲ್ಪ ಹೊತ್ತಿನ ನಂತರ ಬಿಡಿಸಲು ಹೇಳಿದಾಗ, ಅವರು ಅದಕ್ಕೆ, ಸಾಮಾನ್ಯ ಪ್ರಾಣಿಗಿರುವಂತೆ, ನಾಲ್ಕು ಕಾಲುಗಳನ್ನು ಬರೆದಿದ್ದರು.