ಹೊಟ್ಟಲ್ಲ, ಚಕ್ಕೆ ಬೀಳಬೇಕು

ನಮ್ಮ ಬೀದಿಯ ಮರಗೆಲಸದ ಆಚಾರ್ರು ನನ್ನ ಹೊಸ ಕೆತ್ತನೆ ಮೆಷಿನ್ ಕಡೆ ನೋಡಲೇ ಇಲ್ಲ. ಅದರ ಕೆಳಗೆ ಬಿದ್ದಿದ್ದ ಹೊಟ್ಟನ್ನು ಎರಡು ಬೆರಳಲ್ಲಿ ಎತ್ತಿಕೊಂಡರು. ತಿಕ್ಕಿದರು. ಮೂಸಿದರು. "ಇದು ಕೆತ್ತಿದ್ದಲ್ಲ ಮೇಷ್ಟ್ರೇ, ಉಜ್ಜಿದ್ದು" ಅಂದರು. ಆಮೇಲೆ ಟೀ ಕುಡಿದು ಹೋದರು.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಕೆತ್ತುವ ಮೆಷಿನ್, ಮನೆಗೆ ಬಂದು ಆಗ ಹತ್ತು ದಿನ ಆಗಿತ್ತು. 3018 ಅನ್ನುವ ಪುಟ್ಟ ಮಾದರಿ. 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಜಾಗದಲ್ಲಿ ಕೆತ್ತುತ್ತದೆ, ಹೆಸರು ಬಂದಿದ್ದು ಅದರಿಂದಲೇ. ಮನೆ ಬಾಗಿಲಿಗೆ ತೇಗದ ನಾಮಫಲಕ ಮಾಡಲು ಹೊರಟಿದ್ದೆ. ಹೊಸಬ ಅಲ್ವಾ, ಬಿಟ್ (ತಿರುಗುತ್ತಾ ಕೆತ್ತುವ ಅಲಗು) ಎಲ್ಲಿ ಮುರಿಯುತ್ತದೋ ಅಂತ ಭಯ. ಅದು ಮುಂದೆ ಸಾಗುವ ವೇಗವನ್ನು ನಿಮಿಷಕ್ಕೆ 200 ಮಿಲಿಮೀಟರ್‌ಗೆ ಇಳಿಸಿಬಿಟ್ಟೆ. ಎರಡು ಅಕ್ಷರ ಮುಗಿಯುವಷ್ಟರಲ್ಲಿ ಅಂಚೆಲ್ಲ ಕಪ್ಪಾಯಿತು, ಮನೆಯೆಲ್ಲ ಸೀದ ವಾಸನೆ, ಬಿಟ್ ಮೊಂಡು.

ನಿಧಾನವೇ ಪ್ರಧಾನ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಸಿಎನ್‌ಸಿ ಕಲಿಯುವವರನ್ನು ಹಾಳು ಮಾಡುವ ಮಾತು ಇದೊಂದೇ. ನಿಧಾನ ಹೋದರೆ ಬಿಟ್‌ಗೆ ಒಳ್ಳೆಯದು, ಮರಕ್ಕೂ ಒಳ್ಳೆಯದು, ಕೆಲಸ ನುಣುಪಾಗಿ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂರೂ ತಪ್ಪು.

ಲೆಕ್ಕ ನೋಡಿ. ಬಿಟ್ಟನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದೆ, ಬಿಟ್‌ಗೆ ಎರಡು ಹಲ್ಲು ಅಂತಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 20,000 ಸಲ ಹಲ್ಲು ಮರಕ್ಕೆ ಬಡಿಯುತ್ತದೆ. ಅದೇ ನಿಮಿಷದಲ್ಲಿ ಬಿಟ್ 1,000 ಮಿಲಿಮೀಟರ್ ಮುಂದೆ ಹೋದರೆ, ಒಂದೊಂದು ಹಲ್ಲಿನ ಪಾಲಿಗೆ 0.05 ಮಿಲಿಮೀಟರ್ ಮರ ಬರುತ್ತದೆ. ಈ ಪಾಲಿಗೆ ಚಿಪ್ ಲೋಡ್ ಅಂತ ಹೆಸರು. ನಾನು ಇಟ್ಟಿದ್ದ 200ಕ್ಕೆ ಲೆಕ್ಕ ಹಾಕಿದರೆ 0.01 ಮಿಲಿಮೀಟರ್. ನಮ್ಮ ತಲೆಕೂದಲು ಅದರ ಐದಾರು ಪಟ್ಟು ದಪ್ಪ ಇರುತ್ತದೆ.

ತೆಳ್ಳಗೆ ಕೆತ್ತಿದರೆ ಏನು ಕಷ್ಟ ಅಂತೀರಾ? ಅಲಗಿನ ತುದಿಯನ್ನು ಹತ್ತಿರದಿಂದ ನೋಡಬೇಕು. ಎಷ್ಟೇ ಹರಿತವಾದ ಅಲಗಾದರೂ ಮೈಕ್ರೋಸ್ಕೋಪ್ ಕೆಳಗೆ ಅದರ ತುದಿ ದುಂಡಗೆ ಕಾಣುತ್ತದೆ. ಹೊಸ ಬಿಟ್‌ನಲ್ಲಿ ಆ ದುಂಡು ಕೆಲವೇ ಮೈಕ್ರಾನ್ (ಮಿಲಿಮೀಟರ್‌ನಲ್ಲಿ ಸಾವಿರದ ಒಂದು ಪಾಲು), ಬಳಸಿದ ಹಾಗೆ ದಪ್ಪ ಆಗುತ್ತಾ ಹೋಗುತ್ತದೆ. ತೆಗೆಯಬೇಕಾದ ಮರದ ಪದರ ಈ ದುಂಡಿಗಿಂತ ತೆಳ್ಳಗಿದ್ದರೆ ಅಲಗು ಅದರ ಕೆಳಗೆ ನುಗ್ಗುವುದಿಲ್ಲ. ಮೇಲೆ ಹತ್ತಿ, ಒತ್ತಿ, ಜಾರಿ ಹೋಗುತ್ತದೆ. ಚಪಾತಿ ಹಿಟ್ಟಿನ ಮೇಲೆ ಚಮಚದ ಬೆನ್ನು ಎಳೆದ ಹಾಗೆ: ಹಿಟ್ಟು ತಗ್ಗುತ್ತದೆ, ಕತ್ತರಿಸುವುದಿಲ್ಲ. ತುರಿಮಣೆಯ ಮೇಲೆ ಕಾಯಿಯನ್ನು ಹಗುರವಾಗಿ ಆಡಿಸಿ ನೋಡಿ. ಕಿರ್ ಕಿರ್ ಸದ್ದು ಬರುತ್ತದೆ, ತಟ್ಟೆ ಖಾಲಿ. ಸ್ವಲ್ಪ ಒತ್ತಿದ ಕೂಡಲೇ ತುರಿ ಉದುರುತ್ತದೆ. ಆಚಾರ್ರು ಕೀಸುಳಿ ಹಿಡಿದಾಗಲೂ ಇದೇ ಕತೆ. ಅಲಗು ಒಂದು ಚೂರು ಹೊರಗೆ ಚಾಚಿದ್ದರೆ ರಿಬ್ಬನ್ ಹಾಗೆ ಸುರುಳಿ ಬರುತ್ತದೆ, ಇಲ್ಲದಿದ್ದರೆ ಮರ ಬರೀ ಹೊಳಪಾಗುತ್ತದೆ.

ಉಜ್ಜಾಟದಿಂದ ಬಿಸಿ ಹುಟ್ಟುತ್ತದೆ. ಮರ ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ. ಬಾಣಲೆಗೆ ಮರದ ಹಿಡಿ ಹಾಕುವುದೇ ಅದಕ್ಕೆ. ಹಾಗಾಗಿ ಬಿಸಿ ಬಿಟ್ ಮತ್ತು ಅಂಚಿನಲ್ಲೇ ಕೂರುತ್ತದೆ. ಅದನ್ನು ಹೊರಗೆ ಸಾಗಿಸುವ ಗಾಡಿಯೇ ಚಕ್ಕೆ. ಜಾತ್ರೆ ಮುಗಿದ ಮೇಲೆ ಬಸ್ಸು ಬಂದರೆ ಬಯಲು ಬೇಗ ಖಾಲಿ ಆಗುತ್ತದೆ. ಬರೀ ಸ್ಕೂಟರ್ ಬಂದರೆ ಜನ ಅಲ್ಲೇ ಬೆವರುತ್ತಾ ನಿಲ್ಲುತ್ತಾರೆ. ದಪ್ಪ ಚಕ್ಕೆ ಬಸ್ಸು, ಹೊಟ್ಟು ಸ್ಕೂಟರ್. (ಚಪಾತಿ, ಕಾಯಿ, ಕೀಸುಳಿ, ಈಗ ಬಸ್ಸು. ಗೊತ್ತು, ಜಾಸ್ತಿ ಆಯಿತು. ಆದರೆ ಇದು ತಲೆಗೆ ಹೋದ ದಿನ ನನಗೆ ನಿದ್ದೆ ಬಂದಿರಲಿಲ್ಲ.) 200 ಡಿಗ್ರಿ ಆಸುಪಾಸಿನಲ್ಲಿ ಮರ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಪ್ಪು. ಬಿಟ್ ಒಂದೇ ಕಡೆ ನಿಂತು ತಿರುಗಿದರೆ ಹೊಟ್ಟಿಗೆ ಕಿಡಿ ತಾಗುವುದೂ ಉಂಟು. ಮೆಷಿನ್ ಓಡುವಾಗ ಬಿಟ್ಟು ಹೋಗಬೇಡಿ ಅನ್ನುವುದು ಇದಕ್ಕೇ.

ಈ ಲೆಕ್ಕದ ಹಿಂದೆ ಒಬ್ಬ ಹಟಮಾರಿ ಇದ್ದಾನೆ. ಫ್ರೆಡೆರಿಕ್ ಟೇಲರ್, ಅಮೆರಿಕದವನು. ಕೆಲಸಗಾರರ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತವನು ಅಂತ ಮ್ಯಾನೇಜ್‌ಮೆಂಟ್ ಓದಿದವರಿಗೆ ಗೊತ್ತು. ಅವನ ಇನ್ನೊಂದು ಹುಚ್ಚು ಅಷ್ಟು ಜನಕ್ಕೆ ಗೊತ್ತಿಲ್ಲ. ಯಾವ ಉಳಿ, ಎಷ್ಟು ಕತ್ತರಿಸುವ ವೇಗ, ಎಷ್ಟು ಫೀಡ್ (ಉಳಿ ಮುಂದೆ ಸಾಗುವ ಪ್ರಮಾಣ) ಅನ್ನುವ ಮೂರು ಪ್ರಶ್ನೆಗೆ ಉತ್ತರ ಹುಡುಕಲು 1880ರಲ್ಲಿ ಫಿಲಡೆಲ್ಫಿಯಾದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಶುರು ಮಾಡಿದ. ಮುಗಿಸಲು 26 ವರ್ಷ ಬೇಕಾಯಿತು. ಆ ಪ್ರಯೋಗಗಳಲ್ಲಿ 8 ಲಕ್ಷ ಪೌಂಡ್‌ಗಿಂತ ಜಾಸ್ತಿ ಕಬ್ಬಿಣ, ಉಕ್ಕು ಚಕ್ಕೆ ಆಯಿತು. ಸುಮಾರು 360 ಟನ್! ಅವನು ಕತ್ತರಿಸಿದ್ದು ಲೋಹ, ನಾವು ಕತ್ತರಿಸುವುದು ಮರ. ಆದರೆ ಪ್ರಶ್ನೆ ಅವೇ ಮೂರು.

ಇಷ್ಟೆಲ್ಲ ಆದ ಮೇಲೂ ಜನ ಏನು ಮಾಡುತ್ತಾರೆ? ಯಾವುದೋ ವಿಡಿಯೋದಲ್ಲಿ ಯಾರೋ ಹೇಳಿದ ಸಂಖ್ಯೆಯನ್ನು ಮಂತ್ರದ ಹಾಗೆ ಬರೆದುಕೊಳ್ಳುತ್ತಾರೆ. "ತೇಗಕ್ಕೆ 800 ಹಾಕು" ಅಂತ. ಅವರ ಸ್ಪಿಂಡಲ್ ಎಷ್ಟು ತಿರುಗುತ್ತದೆ, ಬಿಟ್‌ಗೆ ಎಷ್ಟು ಹಲ್ಲು ಅಂತ ಕೇಳುವುದೇ ಇಲ್ಲ. ಇದೂ ಒಂದು ಮೂಢನಂಬಿಕೆಯೇ. ನಾನೂ ಆಯುಧಪೂಜೆಗೆ ಮೆಷಿನ್‌ಗೆ ಕುಂಕುಮ ಇಡುತ್ತೇನೆ, ಆದರೆ ಫ್ರೇಮ್‌ಗೆ. ಬಿಟ್ಟನ್ನು ಅತ್ತಿತ್ತ ಸರಿಸುವ ಸ್ಕ್ರೂಗೆ ಇಟ್ಟರೆ ದೇವರೇ ಬಂದರೂ ಅದು ಸಲೀಸಾಗಿ ಓಡುವುದಿಲ್ಲ.

ಹಾಗಂತ ಸುಮ್ನೆ ವೇಗ ಏರಿಸಿದರೆ ಬಿಟ್ ಮುರಿಯುತ್ತದೆ. 3018ರ ಮೈ ಬಡಕಲು. ಬಿಟ್ಟನ್ನು ಸರಿಸುವ ಅದರ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು ಎಣಿಸಿ ನಡೆದ ಹಾಗೆ. ಮರ ಗಟ್ಟಿಯಾಗಿ ತಡೆದರೆ ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅಲ್ಲಿಂದ ಮುಂದೆ ಕೆತ್ತಿದ್ದೆಲ್ಲ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಕಡಿಮೆ ಮಾಡಬೇಕಾದ್ದು ಆಳವನ್ನು. ಒಂದು ಸಲಕ್ಕೆ ಅರ್ಧ ಮಿಲಿಮೀಟರ್ ಇಳಿಯಿರಿ, ಮೂರು ಮಿಲಿಮೀಟರ್ ಆಳಕ್ಕೆ ಆರು ಸುತ್ತು ಹೋಗಲಿ. ಅಷ್ಟಾಗಿಯೂ ಮೆಷಿನ್ ನಡುಗಿದರೆ ಒಂದು ಹಲ್ಲಿನ ಬಿಟ್ ಹಾಕಿ. ಹಲ್ಲು ಅರ್ಧ ಆದರೆ, 500 ಮಿಲಿಮೀಟರ್ ವೇಗದಲ್ಲೇ ಅದೇ 0.05 ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಉಳಿದ ವಿಷಯಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೆಷಿನ್ ಓಡಿಸುವುದು ಜಿಆರ್‌ಬಿಎಲ್ ಅನ್ನುವ ಉಚಿತ ತಂತ್ರಾಂಶ. 2 ಕಿಲೋಬೈಟ್ ಮೆಮೊರಿಯ ಆರ್ಡುಯಿನೋ ಊನೋ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಅದಕ್ಕೆ ಸಾಕು. ಹೆಲಿಕಾಪ್ಟರ್ ರೆಕ್ಕೆಯ ಅಚ್ಚು ಮಾಡಲು ಹೆಣಗುತ್ತಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಅವರ ಯೋಚನೆಯಿಂದ ಶುರುವಾಗಿ, 1952ರಲ್ಲಿ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದವರು ತೋರಿಸಿದ ಇಂಥ ಮೊದಲ ಮೆಷಿನ್‌ಗೆ ಇದೇ ಕೆಲಸಕ್ಕೆ 200ಕ್ಕೂ ಜಾಸ್ತಿ ವ್ಯಾಕ್ಯೂಮ್ ಟ್ಯೂಬ್ ಬೇಕಾಗಿತ್ತು.

ನಮ್ಮ ಕಡೆಯವರಿಗೆ ಮಾತ್ರ ಎರಡು ಮಾತು ಹೇಳಬೇಕು. ಮೊದಲನೆಯದು ಕರೆಂಟ್. ಅರ್ಧ ಕೆಲಸದಲ್ಲಿ ಹೋಯಿತು ಅಂದರೆ, ಇಂಥ ಅಗ್ಗದ ಮೆಷಿನ್‌ಗೆ ತಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಕೆಲಸ ಶುರು ಮಾಡುವಾಗ ಮೆಷಿನ್ ಅಳತೆ ಶುರು ಮಾಡುವ ಸೊನ್ನೆಯ ಜಾಗದಲ್ಲಿ, ಕೆಳಗಿನ ಎಂಡಿಎಫ್ ಹಲಗೆಗೆ ಒಂದು ಸಣ್ಣ ತೂತು ಹಾಕಿಡಿ. ಕರೆಂಟ್ ಬಂದ ಮೇಲೆ ಬಿಟ್ ತುದಿಯನ್ನು ಅಲ್ಲಿಗೇ ತಂದು ನಿಲ್ಲಿಸಬಹುದು. ಎರಡನೆಯದು ಕನ್ನಡ. ಕೆಲವು ತಂತ್ರಾಂಶಗಳಲ್ಲಿ ಅಕ್ಷರ ಟೈಪ್ ಮಾಡಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬೀಳುತ್ತದೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಗೆರೆಯಾಗಿ ಬದಲಿಸಿ, ಆಮೇಲೆ ಕಳಿಸಿ. ಮೂರು ಮಿಲಿಮೀಟರ್ ದಪ್ಪದ ಬಿಟ್ "ಷ್ಟ್ರ"ದ ಒಳಗೆ ನುಸುಳುವುದಿಲ್ಲ. ಅಲ್ಲಿಗೆ ತುದಿ ಚೂಪಾದ ವಿ ಬಿಟ್ ಬೇಕು. ಗೆರೆ ಕಿರಿದಾದ ಕಡೆ ಅದು ತಾನೇ ಮೇಲೇಳುತ್ತದೆ, ಅಗಲ ಆದ ಕಡೆ ಕೆಳಗಿಳಿಯುತ್ತದೆ.

ಮಾಸ್ಕ್ ಹಾಕಿಕೊಳ್ಳಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತ ಪಟ್ಟಿಗೇ ಸೇರಿಸಿದೆ. ಗಾಳಿಯಲ್ಲಿ ತೇಲುವುದು ಹೊಟ್ಟು, ಚಕ್ಕೆ ನೆಲಕ್ಕೆ ಬೀಳುತ್ತದೆ. ಇಲ್ಲೂ ಅದೇ ಲೆಕ್ಕ, ನೋಡಿ.

ತೇಗದಿಂದ ಶುರು ಮಾಡಬೇಡಿ. ದುಬಾರಿ, ಜೊತೆಗೆ ಅದರೊಳಗಿನ ಸಿಲಿಕಾ ಬಿಟ್ಟನ್ನು ಬೇಗ ಸವೆಸುತ್ತದೆ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್‌ನ ಒಂದು ತುಂಡು ತನ್ನಿ. ಎರಡು ಹಲ್ಲಿನ ಬಿಟ್ ಹಾಕಿ, ಅರ್ಧ ಮಿಲಿಮೀಟರ್ ಆಳದಲ್ಲಿ ಉದ್ದಕ್ಕೆ ಐದು ಗೆರೆ ಕೆತ್ತಿ: 300, 500, 700, 900, 1,100. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ವೇಗ ಬರೆಯಿರಿ. ಒಂದೊಂದು ಗೆರೆಯ ಚಕ್ಕೆಯನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿಡಿ. ಕಿವಿಯನ್ನೂ ತೆರೆದಿಡಿ: ಕೀಚಲು ಸದ್ದು ಉಜ್ಜಾಟದ್ದು, ಗರಗರ ಸದ್ದು ಕೆತ್ತನೆಯದು.

ನಾನು ಹಾಗೆ ಕಟ್ಟಿಟ್ಟ ಐದು ಪೊಟ್ಟಣಗಳನ್ನು ಆಚಾರ್ರ ಮುಂದಿಟ್ಟೆ. ಯಾವುದರ ಮೇಲೂ ಸಂಖ್ಯೆ ಬರೆದಿರಲಿಲ್ಲ, ಕಾಗದದ ಒಳಗಡೆ ಬರೆದಿದ್ದೆ. ಅವರು ಕನ್ನಡಕ ಏರಿಸಿ, ಎಲ್ಲದರೊಳಗೂ ಬೆರಳಾಡಿಸಿ, ನಾಲ್ಕನೆಯದನ್ನು ನನ್ನ ಕಡೆ ತಳ್ಳಿದರು. ಬಿಚ್ಚಿ ನೋಡಿದೆ. 900.